ಅಕ್ಕನ ಕಿಟಕಿಯ ಕೆಳಗಿನ ಗಿಡಗಳು

ಜೂನ್ 3, ಮಂಗಳವಾರ. ಬೆಳಿಗ್ಗೆ 6.40

ನೀರು ಹಾಕಿ ಬಂದೆ. ಮುಂದಿನ ಕುಂಡಗಳು ಕ್ಷೇಮ. ಬೇಲಿಯ ಬಳ್ಳಿ ಕ್ಷೇಮ. ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ, ಅಕ್ಕನ ಕಿಟಕಿಯ ಕೆಳಗೆ, ಇನ್ನೆರಡು ಹೊಸ ಮುಖ. ಒಟ್ಟು ನಾಲ್ಕು ಜಾತಿ ಆಯಿತು. ನಾನು ನೆಟ್ಟಿದ್ದಲ್ಲ, ಬಿತ್ತಿದ್ದಲ್ಲ. ಕರೆಯದೇ ಬಂದ ನೆಂಟರು.

ಐಸ್‌ಕ್ರೀಮ್ ಕಡ್ಡಿ ಚುಚ್ಚಿ ನಂಬರ್ ಕೊಟ್ಟೆ. 1, 2, 3, 4. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತವಳು ನಾನು. ಹೆಸರು ಗೊತ್ತಿಲ್ಲದವರಿಗೆ ಮೊದಲು ನಂಬರು, ಹೆಸರು ಆಮೇಲೆ. ಬೆರಳಿನ ಗೆರೆಗಳಲ್ಲಿ ಹನ್ನೆರಡು ಗುರುತು ತಾಳೆಯಾಗದೆ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ತೋಟದ ವಿಷಯದಲ್ಲಿ ಮಾತ್ರ ಒಂದು ವರ್ಷದ ಕೂಸು... ನಿವೃತ್ತಿಯಾಗುವ ತನಕ ಟೊಮೆಟೊ ಅಂಗಡಿಯಲ್ಲೇ ಹುಟ್ಟುತ್ತದೆ ಎಂದುಕೊಂಡಿದ್ದವಳು. ಇರಲಿ. ಲಕ್ಷ ಬೆರಳು ನೋಡಿದ ಕಣ್ಣಿಗೆ ನಾಲ್ಕು ಎಲೆ ಯಾವ ಮಹಾ!

ಅಕ್ಕ ಕಿಟಕಿಯಿಂದ ಕೂಗಿದಳು. "ಏನೇ ಪತ್ತೇದಾರಿ, ಯಾರಾದ್ರೂ ಸಿಕ್ಕಿದ್ರಾ?"

"ನಾಲ್ಕು ಜನ ಸಿಕ್ಕಿದಾರೆ. ಬಾಯಿ ಬಿಡ್ತಿಲ್ಲ."

"ಎರಡು ಬಾರಿಸು. ಬಿಡ್ತಾರೆ."

ನಕ್ಕಳು. ನಗುವಾಗ ಈಗೀಗ ಕೊರಳಿನ ನರ ಎದ್ದು ಕಾಣುತ್ತದೆ. ತೂಕ ನೋಡಿದೆ. 47. ಜನವರಿಯಲ್ಲಿ, ಮಂಡಿನೋವಿಗೆ ತನ್ನ ಮನೆಯ ಮೂರನೇ ಮಹಡಿ ಹತ್ತಲಾರದೆ ಇಲ್ಲಿಗೆ ಬಂದಾಗ, 55 ಇದ್ದಳು. ಎಂಟು ಕೇಜಿ ಎಲ್ಲಿಗೆ ಹೋಯಿತು?

ನಾನೇನೂ ಕೈಕಟ್ಟಿ ಕೂತಿಲ್ಲ. ಮೇ ಮೊದಲಿಂದ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಬಟ್ಟಲು — ಮೊಳಕೆ ಬರಿಸಿದ ಹೆಸರುಕಾಳು, ಟೊಮೆಟೊ ಬಿಲ್ಲೆ, ಒಂದು ಹಣ್ಣು. ಎಲ್ಲ ಹಸಿಯಾಗಿ. ಮಧ್ಯಾಹ್ನ ಒಂದಕ್ಕೆ ಊಟ. ರೂಮಿಗೇ ಕೊಂಡುಹೋಗಿ ಕೊಡುತ್ತೇನೆ. ಎದುರಿಗೆ ಯಾರಾದರೂ ಕೂತರೆ ಅವಳಿಗೆ ಊಟ ಸೇರುವುದಿಲ್ಲವಂತೆ. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದಾಗಿನ ಅಭ್ಯಾಸ, ಒಬ್ಬಳೇ, ಹತ್ತು ನಿಮಿಷದಲ್ಲಿ. ತಟ್ಟೆ ಖಾಲಿಯಾಗಿ ವಾಪಸು ಬರುತ್ತದೆ. ಇಷ್ಟು ತಿಂದೂ ಇಳಿಯುತ್ತಾಳೆ ಎಂದರೆ...

ಸೋಮವಾರ ಡಾಕ್ಟರ ಹತ್ತಿರ ಹೋಗುವುದು. ಕೈಕಾಲು ಕಟ್ಟಿಯಾದರೂ ಸರಿ.

ಜೂನ್ 5, ಗುರುವಾರ

ಫೋನಿನ ಆ್ಯಪ್‌ಗೆ ನಾಲ್ಕರ ಫೋಟೋನೂ ತೋರಿಸಿದೆ. ನಂ. 1 ಅನ್ನು ಒಮ್ಮೆ ಮೆಣಸಿನಗಿಡ ಎಂದಿತು, ಇನ್ನೊಮ್ಮೆ ಆಲೂಗಡ್ಡೆ. ನಂ. 4ರ ಪಕ್ಕದಲ್ಲಿದ್ದ ನನ್ನ ಹಸಿರು ಚಪ್ಪಲಿಯನ್ನು ಲೋಳೆಸರ ಎಂದಿತು. ಇಂಥ ಸಾಕ್ಷಿಯನ್ನು ಕಟಕಟೆ ಹತ್ತಿಸಿದರೆ ಕೇಸು ಬಿದ್ದಹಾಗೆಯೇ. ಡಿಲೀಟ್.

ನರ್ಸರಿಯವರ ಹತ್ತಿರ ಹೋದೆ. ಅವರ ಕೈ ತುಂಬ ಮಣ್ಣು, ಕಿವಿಯ ಮೇಲೆ ಪೆನ್ಸಿಲ್. ಫೋಟೋ ನೋಡಿ ತಲೆಯಾಡಿಸಿದರು.

"ಮೊದಲ ಎರಡು ಎಲೆ ನೋಡಿ ಏನೂ ಹೇಳ್ಬಾರ್ದು ಮೇಡಂ. ಅವು ಬೀಜದೊಳಗಿಂದಾನೇ ಬಂದಿರ್ತವೆ. ಎಷ್ಟೋ ಗಿಡಕ್ಕೆ ಅವು ಒಂದೇ ಥರ ಕಾಣ್ತವೆ. ಮೂರನೇ ಎಲೆ ಬರ್ಲಿ. ಅದು ಅದರದ್ದೇ ಎಲೆ."

"ಬಿತ್ತಿದ್ಯಾರು ಅಂತ?"

"ಗಾಳಿ, ಹಕ್ಕಿ, ಮನುಷ್ಯ. ಇನ್ಯಾರು ಬಿತ್ತಾರೆ?"

ಗಾಳಿ ಅಲ್ಲ, ಓಣಿಗೆ ಗಾಳಿ ಬರುವುದಿಲ್ಲ. ಮನುಷ್ಯ ನಾನೊಬ್ಬಳೇ, ನಾನು ಬಿತ್ತಿಲ್ಲ. ಉಳಿದದ್ದು ಹಕ್ಕಿ. ಮೇಲೆ ಕೇಬಲ್ ತಂತಿ ಇದೆ. ಅದರ ಮೇಲೆ ಕೂತು ಹಿಕ್ಕೆ ಹಾಕಿರುತ್ತವೆ. ಆರೋಪಿ ಸಿಕ್ಕಾಯಿತು. ಹೆಸರು ಪತ್ತೆ ಮಾಡುವುದು ಬಾಕಿ.

ಜೂನ್ 9, ಸೋಮವಾರ. ಸಂಜೆ

ಡಾಕ್ಟರು ಚಿಕ್ಕ ವಯಸ್ಸಿನವರು. ಒಳ್ಳೆಯವರು. ಅಕ್ಕನಿಗೆ ಎದ್ದು ನಿಂತು ಕುರ್ಚಿ ತೋರಿಸಿದರು. ಅಕ್ಕ ಕೂರುವ ಮೊದಲೇ ಅವರ ಮೇಜಿನ ಮೇಲಿನ ಥರ್ಮಾಮೀಟರು ನೆಟ್ಟಗೆ ಮಾಡಿದಳು.

"ಊಟ ಹೇಗಿದೆ ಅಮ್ಮ?"

"ಚೆನ್ನಾಗಿದೆ," ಅಂದಳು.

ಅವರು ನನ್ನ ಕಡೆ ನೋಡಿದರು. "ನಿಜ ಡಾಕ್ಟ್ರೇ. ನಾನೇ ಬಡಿಸೋದು. ಒಂದು ಅಗುಳೂ ಬಿಡಲ್ಲ. ಬೇಕಾದ್ರೆ ಬರ್ಕೊಡ್ತೀನಿ," ಅಂದೆ. ಗಟ್ಟಿಯಾಗಿ. ಕೋರ್ಟಿನಲ್ಲಿ ಹೇಳುವ ಧ್ವನಿ ಬಂತು. ಡಾಕ್ಟರು ಅದನ್ನೇ ಬರೆದುಕೊಂಡರು: ಊಟ ಸರಿಯಾಗಿದೆ, ಆದರೂ ತೂಕ ಇಳಿಕೆ. ಹಾಗಿದ್ದರೆ ತಿಂದದ್ದು ಮೈಗೆ ಹತ್ತುತ್ತಿಲ್ಲ. ಥೈರಾಯ್ಡ್, ಸಕ್ಕರೆ, ಕರುಳು — ಆ ದಾರಿಯಲ್ಲಿ ಪರೀಕ್ಷೆ. ಪಟ್ಟಿ ಉದ್ದ ಇದೆ.

ಬರುವಾಗ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಸುಮ್ಮನೆ ಹಿಡಿಯುವವಳಲ್ಲ. ಮಂಡಿನೋವು ಜಾಸ್ತಿ ಇರಬೇಕು.

ಜೂನ್ 13, ಶುಕ್ರವಾರ. ಬೆಳಿಗ್ಗೆ 7.15

ಮೂರನೇ ಎಲೆ ಬಂದಿದೆ! ನಾಲ್ಕೂ ಬಾಯಿ ಬಿಟ್ಟವು.

ನಂ. 1 — ಎಲೆಯ ಅಂಚು ಹರಿದ ಹಾಗೆ, ಉಜ್ಜಿದರೆ ಬೆರಳಿಗೆ ಹಸಿರು ಘಾಟು. ಕಾಂಡದಲ್ಲಿ ಬಿಳಿ ರೋಮ. ಟೊಮೆಟೊ. ಖಚಿತ.

ನಂ. 2 — ಮೂರು ಮೂರು ಎಲೆಯ ಗೊಂಚಲು. ಹೆಸರುಕಾಳು. ಫೋಟೋ ಕಳಿಸಿದೆ, ನರ್ಸರಿಯವರೂ ಹೌದೆಂದರು.

ನಂ. 3 — ಎಲೆ ದುಂಡಗೆ, ಒರಟು, ನೆಲಕ್ಕೆ ಬಾಗಿದೆ. ಕರಬೂಜ.

ನಂ. 4 — ಚಿಕ್ಕದು, ಮಿರುಗುವ ಉದ್ದ ಎಲೆ, ಚಿಗುರು ಕೆಂಪು. ಇದಕ್ಕೆ ಹಳೆಯ ಆಫೀಸ್ ಭೂತಗನ್ನಡಿಯೇ ಬೇಕಾಯಿತು. ದಾಳಿಂಬೆ.

ನಾಲ್ಕಕ್ಕೆ ನಾಲ್ಕು. ನಿವೃತ್ತಿಯಾದರೂ ತುಕ್ಕು ಹಿಡಿದಿಲ್ಲ, ನೋಡು! ಟೊಮೆಟೊ ನೋಡಿ ಬಹಳ ಖುಷಿಯಾಯಿತು. ಹನ್ನೊಂದು ಸಸಿ ಒಂದೇ ಕಡೆ, ದುಂಡಗೆ ಕೈಹಿಡಿದು ನಿಂತಿವೆ. ಹೆಬ್ಬೆರಳಿನ ಸುಳಿಯ ಹಾಗೆ. ಫೋಟೋ ತೆಗೆದೆ. ಅಕ್ಕನಿಗೂ ತೋರಿಸಿದೆ.

"ಚೆನ್ನಾಗಿದೆ. ಕಿತ್ತು ಹಾಕು," ಅಂದಳು.

"ಯಾಕೆ? ಪಾಪ, ಹಕ್ಕಿ ಕೊಟ್ಟಿದ್ದು."

"ಕಿಟಕಿ ಕೆಳಗೆ ಪೊದೆ ಬೆಳೆದ್ರೆ ಸೊಳ್ಳೆ ಬರುತ್ತೆ. ಕಿತ್ತು ಹಾಕು ಅಂದೆ."

ಮೇಟ್ರನ್ ಧ್ವನಿ. ಇಡೀ ವಾರ್ಡು ನಡುಗುತ್ತಿತ್ತಂತೆ ಅದಕ್ಕೆ. ನಾನು ನಡುಗುವವಳಲ್ಲ. ಕೀಳಲಿಲ್ಲ.

ಜೂನ್ 20, ಶುಕ್ರವಾರ. ಬೆಳಿಗ್ಗೆ 11.30

ಒಂದು ವಾರ ಬರೆದಿಲ್ಲ. ಪರೀಕ್ಷೆಗಳೇ ಪರೀಕ್ಷೆಗಳು. ರಕ್ತ, ಮಲ, ಹೊಟ್ಟೆಯ ಸ್ಕ್ಯಾನ್. ನಿನ್ನೆ ಎಲ್ಲ ಬಂತು. ಎಲ್ಲ ನಾರ್ಮಲ್. ತೂಕ 45. ಡಾಕ್ಟರು ಪೆನ್ನು ತಿರುಗಿಸುತ್ತ ಕೂತರು. "ಊಟ ಮಾಡ್ತಾರೆ ಅಂತೀರಿ..." ಅಂದರು. "ಮಾಡ್ತಾಳೆ," ಅಂದೆ, ಮತ್ತೆ. ಇನ್ನು ಕೆಳಗಿನಿಂದ ಕೊಳವೆ ಹಾಕಿ ದೊಡ್ಡ ಕರುಳು ನೋಡಬೇಕಂತೆ. ಈ ಮೈಯಲ್ಲಿ ಅದನ್ನು ತಡೆಯುತ್ತಾಳೆಯೇ? ನನಗೆ ಭಯವಾಗಿದೆ. ಭಯ ಎಂದು ಬರೆಯುವುದು ಅಭ್ಯಾಸವಿಲ್ಲ, ಆದರೂ ಬರೆದಿದ್ದೇನೆ.

ಈಗ ತಲೆ ತಣ್ಣಗಾಗಲಿ ಎಂದು ಓಣಿಗೆ ಹೋಗಿ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಕೈಯಲ್ಲಿ ಅಕ್ಕನ ಹನ್ನೊಂದರ ಬಟ್ಟಲು ಇತ್ತು, ಕೊಟ್ಟು ಬರೋಣವೆಂದು. ಟೊಮೆಟೊ ಬಿಲ್ಲೆ. ಮೊಳಕೆ ಹೆಸರುಕಾಳು. ಬಿಡಿಸಿದ ದಾಳಿಂಬೆ. ಮೊನ್ನೆಯದರಲ್ಲಿ ಕರಬೂಜ ಇತ್ತು.

ಬಟ್ಟಲು ನೋಡಿದೆ. ನೆಲ ನೋಡಿದೆ.

ನಂ. 1, 2, 3, 4.

ಹನ್ನೊಂದು ಸಸಿ ದುಂಡಗೆ. ಟೊಮೆಟೊ ತಿನ್ನುವ ಹಕ್ಕಿ ಚಾಕು ಹಿಡಿದು ಬಿಲ್ಲೆ ಕತ್ತರಿಸುವುದಿಲ್ಲ. ಒಂದು ಇಡೀ ಬಿಲ್ಲೆ ಬಿದ್ದಿದೆ. ಬಿದ್ದಲ್ಲೇ ಮೊಳೆತಿದೆ. ಅದನ್ನು ಕತ್ತರಿಸಿದವಳು ನಾನು.

ತಂತಿ ಇರುವುದು ಕಾಂಪೌಂಡಿನ ಕಡೆ. ಅದರ ಕೆಳಗೆ ಒಂದು ಹುಲ್ಲೂ ಇಲ್ಲ. ಗಿಡಗಳೆಲ್ಲ ಕಿಟಕಿಯಿಂದ ಒಂದು ಮಾರಿನೊಳಗೆ, ಬೀಸಣಿಗೆ ಬಿಚ್ಚಿದ ಹಾಗೆ, ಸ್ವಲ್ಪ ಎಡಕ್ಕೆ ವಾಲಿ. ಒಳಗೆ ನಿಂತು ಬಲಗೈಯಲ್ಲಿ ಬೀಸಿದರೆ ಬೀಳುವ ಜಾಗ. ಪಕ್ಕದ ಮನೆಯ ಬೆಕ್ಕು ಅಲ್ಲೇ ಬಿದ್ದುಕೊಂಡಿತ್ತು. ಎಷ್ಟು ದಪ್ಪಗಾಗಿದೆ ಅದು!

ಹುಲ್ಲುಕಡ್ಡಿಯಂಥ ಸಸಿಗೆ ಹನ್ನೆರಡು ಗುರುತು ಕೇಳಿದೆ. ಖಾಲಿ ತಟ್ಟೆಗೆ ಒಂದೂ ಕೇಳಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ನಾನು ಕಣ್ಣಾರೆ ಕಂಡೂ ಇರಲಿಲ್ಲ. ಡಾಕ್ಟರು ಎರಡು ವಾರ ತಪ್ಪು ದಾರಿಯಲ್ಲಿ ಹುಡುಕಿದ್ದು ನನ್ನ ಮಾತು ನಂಬಿ.

ಮಧ್ಯಾಹ್ನ 1.50

ನೋಡಿ ಬಂದೆ. ಊಟ ಕೊಟ್ಟು, ಬಟ್ಟೆ ಒಣಹಾಕುತ್ತೇನೆಂದು ಹೇಳಿ, ಓಣಿಯ ತುದಿಯಲ್ಲಿ ಬೆಡ್‌ಶೀಟಿನ ಹಿಂದೆ ನಿಂತೆ.

ಜಗಮೊಂಡಿ, ಹಟಕ್ಕೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಅಲ್ಲ. ಮೊದಲು ಕಿಟಕಿಯ ಹತ್ತಿರ ನಿಂತು ತಿನ್ನಲು ನೋಡಿದಳು. ಒಂದೇ ತುತ್ತು, ಚಿಕ್ಕದು. ಅಗಿದಳು, ಅಗಿದಳು... ನುಂಗಿದಳು. ಎದೆಯ ಮೇಲೆ ಕೈ ಇಟ್ಟುಕೊಂಡು ಮುಂದಕ್ಕೆ ಬಾಗಿದಳು. ಕಣ್ಣಲ್ಲಿ ನೀರು. ಇಳಿಯದೆ ಮೇಲೆ ಬಂದದ್ದನ್ನು ಟವೆಲಿಗೆ ಉಗುಳಿದಳು. ಸ್ವಲ್ಪ ಹೊತ್ತು ಸರಳು ಹಿಡಿದು ನಿಂತಳು. ಆಮೇಲೆ ಚಮಚದಿಂದ ಸರಳುಗಳ ನಡುವೆ ಎಲ್ಲವನ್ನೂ ಹೊರಗೆ ಬೀಸಿದಳು. ನೀಟಾಗಿ. ಗೋಡೆಗೆ ಒಂದು ಅಗುಳೂ ತಾಗದ ಹಾಗೆ. ಬೆಕ್ಕು ಬಾಲ ನಿಮಿರಿಸಿಕೊಂಡು ಬಂತು. ಅದಕ್ಕೆ ಅಕ್ಕನ ಊಟದ ಹೊತ್ತು ಗೊತ್ತಿತ್ತು.

ಎಷ್ಟು ಜನರಿಗೆ ಉಣ್ಣಿಸಿದ ಕೈ ಅದು. ನಾನು ಒದ್ದೆ ಬೆಡ್‌ಶೀಟಿಗೆ ಮುಖ ಒತ್ತಿ ಅತ್ತೆ. ಹಾಲು, ಟೀ, ಸೂಪು ಮಾತ್ರ ನನ್ನೆದುರು ಚಪ್ಪರಿಸಿ ಕುಡಿಯುತ್ತಿದ್ದಳು. ಅಷ್ಟರಲ್ಲೇ ಜೀವ ಹಿಡಿದಿದ್ದಾಳೆ.

ಜೂನ್ 21, ಶನಿವಾರ

ಟೊಮೆಟೊ ಸಸಿಗಳನ್ನು ಮಣ್ಣಿನ ಸಮೇತ ಅಗೆದು, ಟ್ರೇಯಲ್ಲಿಟ್ಟು, ಅವಳ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ.

"ಇದೇನೇ?"

"ಟೊಮೆಟೊ. ಮೇ ಕೊನೇದು. ನಾನೇ ಹೆಚ್ಚಿದ್ದು."

ಒಂದು ಸಸಿಯ ಎಲೆ ಮುಟ್ಟಿ ನೋಡಿದಳು. ಸುಳ್ಳು ಹೇಳಲಿಲ್ಲ. ಅಷ್ಟು ಮರ್ಯಾದೆ ನನಗೆ ಕೊಟ್ಟಳು.

"ಎಷ್ಟು ದಿನದಿಂದ?" ಕೇಳಿದೆ.

"ಫೆಬ್ರವರಿ. ಮೊದಮೊದಲು ಅಪರೂಪಕ್ಕೆ. ಈಗ ಗಟ್ಟಿ ಯಾವ್ದೂ ಇಳಿಯಲ್ಲ. ಇಲ್ಲಿ ನಿಲ್ಲುತ್ತೆ." ಎದೆಯ ನಡುವೆ ಎರಡು ಬೆರಳಿಟ್ಟಳು. "ಅದೇನು ಅಂತ ನಂಗೆ ಗೊತ್ತು. ಕ್ಯಾನ್ಸರ್ ವಾರ್ಡಲ್ಲಿ ಆರು ವರ್ಷ ಇದ್ದೆ."

"ಪರೀಕ್ಷೆ ಮಾಡಿಸದೇ ಹೇಗೆ ಗೊತ್ತಾಗುತ್ತೆ?"

"ನೀನು ಬೆರಳು ನೋಡಿದೀಯ. ನಾನು ಇಂಥ ಕೊರಳು ನೋಡಿದೀನಿ. ಸುಮ್ನಿರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ ನೀನು? ಕುಯ್ಯಿಸಿ, ಹೊಲಿಸಿ, ಮೂಗಿಗೆ ಟ್ಯೂಬ್ ಹಾಕ್ಸಿ ಕೂರಿಸ್ತಿದ್ದೆ. ನಾನೇ ಎಷ್ಟು ಜನಕ್ಕೆ ಹಾಕಿಲ್ಲ ಆ ಟ್ಯೂಬು... ಅವ್ರ ಕಣ್ಣು ನೋಡಿದೀನಿ ಕಣೇ. ಇರೋ ನಾಲ್ಕು ದಿನ ನಿನ್ ಜೊತೆ ನಗ್ತಾ ಇರೋಣ ಅಂದ್ಕೊಂಡೆ. ತಪ್ಪಾ?"

ತಪ್ಪು! ಕೂಗಿಬಿಟ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಾಗೆ ನಗು ಬೇರೆ ಕೇಡು ನಿನಗೆ ಅಂದೆ. ಎರಡು ಬೀಜದೆಲೆ ನೋಡಿ ಗಿಡದ ಹೆಸರು ಹೇಳ್ತಿದೀಯ, ಮೂರನೇ ಎಲೆ ಇನ್ನೂ ಬಂದೇ ಇಲ್ಲ ಅಂದೆ.

"ನಿನ್ ತೋಟದ ವೇದಾಂತ ತಗೊಂಡ್ ಹೋಗಿ ನರ್ಸರಿಯಲ್ಲಿ ಹೇಳು," ಅಂದು ಗೋಡೆಗೆ ತಿರುಗಿ ಮಲಗಿದಳು.

ಜೂನ್ 22, ಭಾನುವಾರ

ಮುನಿಸು ಇಳಿದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನಮ್ಮಿಬ್ಬರಿಗೆ ಎರಡೂ ಬಾರದು. ಎಲ್ಲವನ್ನೂ ಮಿಕ್ಸಿಯಲ್ಲಿ ಅರೆದು, ಸೋಸಿ, ಲೋಟದಲ್ಲಿ ಕೊಟ್ಟೆ. ಪೂರ್ತಿ ಕುಡಿದಳು. ಬಾಗಿಲಲ್ಲಿ ನಿಂತು ನೋಡಿದೆ.

ಜೂನ್ 23, ಸೋಮವಾರ

ಬೆಳಿಗ್ಗೆ ಅವಳ ರೂಮಿಗೆ ಹೋಗಿ ಹೇಳಿದೆ. "ನಾನು ಡಾಕ್ಟ್ರ ಹತ್ರ ಹೋಗ್ತಿದೀನಿ. ಸುಳ್ಳು ಸಾಕ್ಷಿ ಹೇಳಿದೀನಿ, ವಾಪಸ್ ತಗೋಬೇಕು. ನೀನು ಬಂದ್ರೆ ಬಾ, ಬಿಟ್ರೆ ಬಿಡು. ನನ್ ಹೆಸರಲ್ಲಿ ಒಂದು ತಪ್ಪು ಕಾಗದ ಅಲ್ಲಿರೋದು ನಂಗೆ ಆಗಲ್ಲ."

ಚಪ್ಪಲಿ ಮೆಟ್ಟಿಕೊಂಡೆ. ಹೊರಟೆ. ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತಿದ್ದೆ. ಹಿಂದಿನಿಂದ ಕೋಲಿನ ಟಕ್ ಟಕ್. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಡ್ಯೂಟಿ ವಾಚು ಕಟ್ಟಿಕೊಂಡು ಬಂದಿದ್ದಳು.

"ನೀನೊಬ್ಳೇ ಹೋದ್ರೆ ಏನೇನು ಬಡಬಡಿಸ್ತೀಯೋ. ಪೇಷಂಟ್ ಹಿಸ್ಟರಿ ಹೇಳೋಕೆ ಬರುತ್ತಾ ನಿಂಗೆ?"

ಎಲ್ಲ ಅವಳೇ ಹೇಳಿದಳು. ತಾರೀಖಿನ ಸಮೇತ, ಬೇರೆ ಯಾರದೋ ಕೇಸ್ ಓದುವ ಹಾಗೆ. ನಾನು ಒಂದೇ ಮಾತು ಹೇಳಿದೆ — "ಡಾಕ್ಟ್ರೇ, ನಾನು ನೋಡಿದ್ದು ತಟ್ಟೆ. ಬಾಯಿ ಅಲ್ಲ. ಕ್ಷಮಿಸಿ." ಅವರು ನನ್ನ ಮುಖ ನೋಡಿದರು. ಹಳೆಯ ಸಾಲಿನ ಮೇಲೆ ಗೆರೆ ಎಳೆದರು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಕರುಳಿನ ಪರೀಕ್ಷೆ ರದ್ದು. ಬುಧವಾರ ಗಂಟಲಿನಿಂದ ಕ್ಯಾಮೆರಾ.

ಜೂನ್ 25, ಬುಧವಾರ. ಬೆಳಿಗ್ಗೆ 10.20

ಆಸ್ಪತ್ರೆಯ ಬೆಂಚು. ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ. ಹೋಗುವ ಮುಂಚೆ ಸ್ಟ್ರೆಚರ್ ತಳ್ಳುವ ನರ್ಸಿಗೆ "ಚಕ್ರಕ್ಕೆ ಎಣ್ಣೆ ಹಾಕ್ಸಮ್ಮ" ಅಂದಳು. ಡ್ಯೂಟಿ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅದು ಓಡುವ ಸದ್ದು ಇಷ್ಟು ಜೋರಾಗಿ...

11.05

ಡಾಕ್ಟರು ಹೊರಗೆ ಬಂದರು. ಅನ್ನನಾಳ ಒಂದು ಕಡೆ ಪೂರ್ತಿ ಸಂಕುಚಿತವಾಗಿದೆ. ಸ್ಟ್ರಾ ಇದ್ದ ಹಾಗೆ, ಅಷ್ಟೇ ಜಾಗ. ಅದು ಯಾಕೆಂದು ಬರೀ ನೋಡಿ ಹೇಳಲಾಗದು. ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದಾರೆ. ಮಂಗಳವಾರ ರಿಪೋರ್ಟು.

"ನಿಮ್ಗೇನನ್ನಿಸುತ್ತೆ?" ಕೇಳಿದೆ.

"ಊಹೆ ಹೇಳಲ್ಲ ಮೇಡಂ," ಅಂದರು. ನಾನೂ ಮೂವತ್ತನಾಲ್ಕು ವರ್ಷ ಅದನ್ನೇ ಹೇಳುತ್ತಿದ್ದೆ, ಬಂದವರಿಗೆಲ್ಲ. ಕೇಳಿಸಿಕೊಳ್ಳುವವರಿಗೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಜೂನ್ 28, ಶನಿವಾರ

ಬೆಳಿಗ್ಗೆ ನೀರು ಹಾಕಿದೆ. ಅರೆದೆ. ಸೋಸಿದೆ. ಕೊಟ್ಟೆ. ಇಬ್ಬರೂ ಕಾರ್ಡ್ಸ್ ಆಡಿದೆವು. ಮೋಸ ಮಾಡಿ ಗೆದ್ದಳು. ಬೇರೆ ಬರೆಯಲು ಮನಸ್ಸಿಲ್ಲ.

ಜುಲೈ 1, ಮಂಗಳವಾರ. ಮಧ್ಯಾಹ್ನ

ಕ್ಯಾನ್ಸರ್ ಅಲ್ಲ.

ಅಲ್ಲ. ಅಲ್ಲ. ಮೂರು ಸಲ ಬರೆದರೂ ಸಾಲದು.

ಹಳೆಯ ಗಾಯದ ಕಲೆ, ಗಟ್ಟಿಯಾಗಿ ನಾಳವನ್ನು ಬಿಗಿದಿದೆ. ಡಾಕ್ಟರು ಅಕ್ಕನನ್ನೇ ಕೇಳಿದರು, "ಮಾತ್ರೆ ಹೇಗೆ ತಗೋತೀರಮ್ಮ?"

ಅಕ್ಕ ವಾಚಿನ ಪಟ್ಟಿ ಸರಿಮಾಡಿಕೊಂಡಳು. ನಾನು ಹೇಳಿದೆ, ಈ ಸಲ ಕಣ್ಣಾರೆ ಕಂಡದ್ದನ್ನು. ಮಂಡಿನೋವಿನ ಮಾತ್ರೆ ಬಾಯಿಗೆ ಎಸೆದುಕೊಂಡು, ನೀರಿಲ್ಲದೆ ನುಂಗಿ, ತಕ್ಷಣ ಮಲಗುತ್ತಾಳೆ. ವಾರ್ಡಿನಲ್ಲಿ ಓಡಾಡುತ್ತ ನುಂಗಿ ರೂಢಿ. ನೀರು ಕುಡಿದರೆ ಮತ್ತೆ ಮತ್ತೆ ಎದ್ದು ಬಾತ್‌ರೂಮಿಗೆ ಹೋಗಬೇಕಲ್ಲ, ಮಂಡಿ ಕೇಳಬೇಕಲ್ಲ.

"ಮಾತ್ರೆ ಅಲ್ಲೇ ಅಂಟ್ಕೊಂಡು ಸುಟ್ಟಿದೆ. ವರ್ಷಗಟ್ಟಲೆ. ಪೇಷಂಟ್‌ಗಳಿಗೆಲ್ಲ ಲೋಟ ತುಂಬ ನೀರು ಕುಡಿಸ್ತಿದ್ರಲ್ಲ ನೀವು?"

"ಕುಡಿಸ್ತಿದ್ದೆ. ಕುಡೀದಿದ್ರೆ ಬಯ್ತಿದ್ದೆ."

ಇಬ್ಬರೂ ನಕ್ಕರು. ಬಲೂನು ಹಾಕಿ ಅಗಲ ಮಾಡಬಹುದಂತೆ. ನಾಡಿದ್ದು.

ಬಸ್ಸಿನಲ್ಲಿ ಕೂತ ಮೇಲೆ ಅತ್ತಳು. ಜೋರಾಗಿ, ಚಿಕ್ಕ ಹುಡುಗಿಯ ಹಾಗೆ. ಮುಂದಿನ ಸೀಟಿನವರು ತಿರುಗಿ ನೋಡಿದರು. "ನಾಲ್ಕು ತಿಂಗಳು ಕಣೇ... ಎಷ್ಟು ಹಸಿವಾಗ್ತಿತ್ತು ಗೊತ್ತಾ ನಂಗೆ? ನಿನ್ ಅಡುಗೆ ವಾಸನೆ ಬಂದ್ರೆ ದಿಂಬು ಕಚ್ಕೊಂಡು ಮಲಗ್ತಿದ್ದೆ."

ಅವಳ ಕೈ ಹಿಡಿದು ಕೂತೆ.

ಜುಲೈ 4, ಶುಕ್ರವಾರ. ಮಧ್ಯಾಹ್ನ 1.10

ನಿನ್ನೆ ಬಲೂನು ಆಯಿತು. ಇವತ್ತು ಮೆತ್ತಗಿನದು ಕೊಡಬಹುದು ಅಂದರು. ಆಲೂಗಡ್ಡೆ, ಕ್ಯಾರೆಟ್ಟು, ಬೆಣ್ಣೆಯಂತೆ ಬೇಯಿಸಿ ಹಿಸುಕಿದ್ದೇನೆ. ಚೂರು ಉಪ್ಪು. ಅವಳ ಎದುರೇ ಕುರ್ಚಿ ಹಾಕಿ ಕೂತಿದ್ದೇನೆ. ಏಳು ಅಂದರೂ ಏಳುವುದಿಲ್ಲ.

"ಬರೀತಾ ಕೂತ್ಯಲ್ಲ. ಹೇಳಿಕೆ ತಗೋತಿದೀಯಾ?"

"ಹೌದು. ತಿನ್ನು."

ಚಮಚ ಎತ್ತಿದಳು. ಬಾಯಿಗೆ ಇಟ್ಟಳು. ಅಗಿಯುವಂಥದ್ದೇನಿಲ್ಲ, ಆದರೂ ಅಗಿಯುತ್ತಿದ್ದಾಳೆ. ನಿಲ್ಲಿಸಿದಳು. ಕೈ ಎದೆಗೆ ಹೋಯಿತು —

ಇಳಿಯಿತು.

ಕೈ ಇನ್ನೂ ಎದೆಯ ಮೇಲೇ ಇದೆ. ನಂಬಿಕೆಯಿಲ್ಲ ಅವಳಿಗೆ. ಎರಡನೆಯದು. ಇಳಿಯಿತು. ಮೂರನೆಯದಕ್ಕೆ ನೀರು ಕುಡಿದಳು. ನಾಲ್ಕನೆಯದಕ್ಕೆ ಕೈ ಎದೆಗೆ ಹೋಗಲಿಲ್ಲ. ಈಗ ನನ್ನ ಕಡೆ ನೋಡುತ್ತಿಲ್ಲ. ತಲೆ ತಗ್ಗಿಸಿ ಉಣ್ಣುತ್ತಿದ್ದಾಳೆ, ಬಿಸಿ ಇದ್ದರೂ ಬಿಡದೆ. ಮೂಗಿನ ತುದಿಗೆ ಅಂಟಿದ್ದೂ ಗೊತ್ತಾಗಿಲ್ಲ. ಮೇಟ್ರನ್ ಶಿಸ್ತು ಎಲ್ಲಿ ಹೋಯಿತೋ... ಅಕ್ಷರ ಕಾಣುತ್ತಿಲ್ಲ ನನಗೆ, ಕಣ್ಣು ಮಂಜು. ಎಂಟು. ಒಂಬತ್ತು. ನಿಧಾನ ಅಕ್ಕ, ಯಾರೂ ಕಿತ್ಕೊಳ್ಳಲ್ಲ ಅಂದೆ. ಕೇಳಿಸಲಿಲ್ಲ. ತಟ್ಟೆ ಮುಂದೆ ಚಾಚಿದ್ದಾಳೆ, "ಇನ್ನೂ ಸ್ವಲ್ಪ ಇದ್ಯೇನೇ?"

ಇದೆ. ಬೇಕಾದಷ್ಟಿದೆ, ಒಲೆ ಮೇಲೇ ಇದೆ. ಬರೆದದ್ದು ಸಾಕು, ಎದ್ದು ಬಡಿಸಬೇಕು.